ಪಂಕ್ತಿಯಿಂದ ಮೇಜಿಗೆ

ಮನೆಯ ಊಟಕ್ಕೆ ರುಚಿಯುಂಟು. ಹೊರಗಿನ ಊಟಕ್ಕೆ ರುಚಿಯೊಡನೆ ಚರಿತ್ರೆಯೂ ಉಂಟು. ದುಡ್ಡು ಕೊಟ್ಟು, ಗುರುತಿಲ್ಲದವರ ನಡುವೆ ಕುಳಿತು ಉಣ್ಣುವುದು ಇಂದು ನಮಗೆ ತೀರ ಸಹಜವಾಗಿ ತೋರುತ್ತದೆ. ಆದರೆ ನಮ್ಮ ನಾಡಿನಲ್ಲಿ ಇದು ಬಹಳ ಹಳೆಯ ರೂಢಿಯೇನಲ್ಲ. ಹಿಂದಿನ ಪಯಣಿಗ ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದ; ಬುತ್ತಿ ಮುಗಿದರೆ ಛತ್ರವನ್ನೋ, ಮಠವನ್ನೋ, ತನ್ನವರ ಮನೆಯನ್ನೋ ಹುಡುಕುತ್ತಿದ್ದ.

ಈಚೆಗೆ ಬೆಂಗಳೂರಿಗೆ ಹೋಗಿದ್ದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ತಮ್ಮ ಬಡಾವಣೆಯಲ್ಲಿ ಹೊಸದಾಗಿ ತೆರೆದಿದ್ದ ಸ್ಟೇಕ್ ಹೋಟೆಲಿಗೆ ಕರೆದೊಯ್ದರು. ಕಾದ ಕಬ್ಬಿಣದ ತಟ್ಟೆಯ ಮೇಲೆ ಚುರುಗುಟ್ಟುತ್ತ ಬಂದ ಮಾಂಸದ ದಪ್ಪ ತುಂಡನ್ನು ತೋರಿಸಿ, "ಇದು ನಮಗೆ ಹೊಸದು, ಅಲ್ಲವೇ ಸಾರ್?" ಎಂದು ಕೇಳಿದರು. ಭಾಷೆಯ ಮೇಷ್ಟರಿಗೆ ಇಂಥ ಪ್ರಶ್ನೆ ಸಿಕ್ಕರೆ ಊಟ ತಣ್ಣಗಾಗುವುದು ಖಂಡಿತ.

'ಸ್ಟೇಕ್' ಎಂಬ ಇಂಗ್ಲಿಷ್ ಮಾತು ಉತ್ತರ ಯುರೋಪಿನ ಹಳೆಯ ನಾರ್ಸ್ ಭಾಷೆಯಿಂದ ಬಂದದ್ದು. ಕೋಲಿಗೆ ಚುಚ್ಚಿ ಬೆಂಕಿಯಲ್ಲಿ ಸುಡುವುದು ಅದರ ಮೂಲಾರ್ಥವೆಂದು ಕೋಶಕಾರರು ಹೇಳುತ್ತಾರೆ. ನಮ್ಮ 'ಅಮರಕೋಶ'ದಲ್ಲಿ ಇದೇ ಅರ್ಥದ 'ಶೂಲ್ಯ', 'ಭಟಿತ್ರ' ಎಂಬ ಶಬ್ದಗಳಿವೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದ ನೂರು ಅಧ್ಯಾಯಗಳಲ್ಲಿ ಒಂದು ಅನ್ನಭೋಗಕ್ಕೇ ಮೀಸಲು. ಮಾಂಸದ ತುಂಡುಗಳನ್ನು ಶೂಲಕ್ಕೆ ಪೋಣಿಸಿ ಕೆಂಡದ ಮೇಲೆ ಸುಡುವ ಕ್ರಮ ಅಲ್ಲಿ ಬಂದಿದೆ. ಹದಿನಾರನೆಯ ಶತಮಾನದ ಜೈನಕವಿ ಮೂರನೆಯ ಮಂಗರಸನ 'ಸೂಪಶಾಸ್ತ್ರ'ದಲ್ಲಾದರೋ ಮಾಂಸಕ್ಕೆ ಎಡೆಯೇ ಇಲ್ಲ. ಒಂದೇ ನಾಡು ಈ ಎರಡು ಅಡುಗೆಮನೆಗಳನ್ನೂ ಸಾಕಿಕೊಂಡು ಬಂದಿದೆ.

ಹಾಗಾದರೆ ಹೊಸದು ಯಾವುದು? ನಾವು ಕುಳಿತಿದ್ದ ಆ ಮೇಜು. ಅಲ್ಲಿ ಯಾರೂ ನನ್ನ ಕುಲವನ್ನು ಕೇಳಲಿಲ್ಲ. ದರಪಟ್ಟಿ ಮಾತ್ರ ನನ್ನ ನಿವೃತ್ತಿ ವೇತನವನ್ನು ವಿಚಾರಿಸಿತು!

ಸೋಮೇಶ್ವರನ ಅನ್ನಭೋಗ ಅರಸುಭೋಗ. ಅದೇ ಕಲ್ಯಾಣದಲ್ಲಿ, ಅದೇ ಶತಮಾನದಲ್ಲಿ, ಬಸವಣ್ಣನವರೂ ಅವರ ಸಂಗಡಿಗರೂ ಕುಲವೆಣಿಸದೆ ಕೂಡಿ ಉಣ್ಣುವುದನ್ನು ಧರ್ಮವೆಂದು ಬಗೆದರು. ಎಂಟು ನೂರು ವರ್ಷಗಳ ತರುವಾಯ ಬಂದ ಹೋಟೆಲುಗಳು ಆ ದಾರಿಯನ್ನು ಒಮ್ಮೆಗೇ ಹಿಡಿಯಲಿಲ್ಲ. ಬೆಂಗಳೂರಿನ ಪ್ರಸಿದ್ಧ ಎಂ.ಟಿ.ಆರ್. 1924ರಲ್ಲಿ ಆರಂಭವಾದದ್ದು 'ಬ್ರಾಹ್ಮಿನ್ ಕಾಫಿ ಕ್ಲಬ್' ಎಂಬ ಹೆಸರಿನಲ್ಲಿ. ಅಡುಗೆಯವರ ಜಾತಿಗೆ ಫಲಕವೇ ಜಾಮೀನು ನಿಲ್ಲುತ್ತಿದ್ದ ಕಾಲವದು. ಮಾಂಸದೂಟ ಬಡಿಸುವ ಕಡೆ 'ಮಿಲಿಟರಿ ಹೋಟೆಲ್' ಎಂಬ ಫಲಕ ಬಂತು. ಹಳೆಯ ಮೈಸೂರು ಸೀಮೆಯಲ್ಲಿ ಆ ಹೆಸರು ಇಂದಿಗೂ ಬಳಕೆಯಲ್ಲಿದೆ. ಹೀಗೆ ಫಲಕವನ್ನು ಓದಿಕೊಂಡೇ ಜನ ತಮ್ಮ ತಮ್ಮ ಬಾಗಿಲನ್ನು ಹುಡುಕಿಕೊಂಡರು.

ತರೀಕೆರೆ ತಾಲ್ಲೂಕಿನ ನಮ್ಮ ಲಕ್ಕವಳ್ಳಿಯಲ್ಲಿ ಈ ಚರಿತ್ರೆಯ ಒಂದು ಪುಟವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಲ್ಲಿ ಭದ್ರಾ ಅಣೆಕಟ್ಟಿನ ಕೆಲಸ 1947ರಲ್ಲಿ ಮೊದಲಾಗಿ 1965ರಲ್ಲಿ ಮುಗಿಯಿತು. ಕಲ್ಲು ಹೊರಲು, ಗಾರೆ ಕಲಸಲು ಬಂದವರು ಒಂದೇ ಊರಿನವರಲ್ಲ, ಒಂದೇ ಜಾತಿಯವರೂ ಅಲ್ಲ. ಮನೆ ಬಿಟ್ಟು ಬಂದ ದುಡಿಮೆಗಾರನಿಗೆ ಹೋಟೆಲು ಬೇಕೇ ಬೇಕಾಯಿತು. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಕೆಲಸಗಾರರು ಚದುರಿದ್ದರು, ಹೋಟೆಲುಗಳು ಉಳಿದಿದ್ದವು. ಅವುಗಳಲ್ಲೊಂದರ ಹೊರಗೆ, ಸೂರಿನಡಿಯಲ್ಲಿ, ಕೆಲವರಿಗೆಂದೇ ಬೇರೆ ಲೋಟಗಳನ್ನು ಇಟ್ಟಿರುತ್ತಿದ್ದರು. ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯನ ತಂದೆ ಅಲ್ಲಿ ನಿಂತು ಚಹಾ ಕುಡಿದು, ಲೋಟವನ್ನು ತಾವೇ ತೊಳೆದು ಬೋರಲಿಡುತ್ತಿದ್ದರು. ಅಷ್ಟು ದೂರದ ಮಿಲಿಟರಿ ಹೋಟೆಲಿನಲ್ಲಿ ಅವರೇ ಬೆಂಚಿನ ಮೇಲೆ ಕುಳಿತು ಮುದ್ದೆ, ಸಾರು ಉಣ್ಣುತ್ತಿದ್ದರು. ಪಕ್ಕದವರು ಯಾರೆಂದು ಅಲ್ಲಿ ಕೇಳುವವರಿರಲಿಲ್ಲ. ಮರ್ಯಾದಸ್ಥರೆನಿಸಿಕೊಂಡ ಕೆಲವರು ಕತ್ತಲಾದ ಮೇಲೆ ಅದೇ ಬೆಂಚಿಗೆ ಬರುತ್ತಿದ್ದರೆಂಬುದನ್ನೂ ಊರು ಬಲ್ಲದು.

ಹೋಟೆಲಿಗೂ ಉಪಾಹಾರಗೃಹಕ್ಕೂ ಹೋಗದಂತೆ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಕೂಡದೆಂದು 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ಅನುಚ್ಛೇದ ಹೇಳುತ್ತದೆ. ಹಾಗೆ ತಡೆಯುವುದನ್ನು 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಶಿಕ್ಷಾರ್ಹವಾಗಿಸಿತು. ರಾಷ್ಟ್ರದ ಮೂಲಶಾಸನ ಬರೆಯುತ್ತಿದ್ದವರು ಹೋಟೆಲಿನ ಬಾಗಿಲನ್ನು ಹೆಸರಿಟ್ಟು ನೆನೆಯಬೇಕಾಯಿತೆಂದರೆ ಆ ಬಾಗಿಲು ಎಷ್ಟು ಇಕ್ಕಟ್ಟಾಗಿದ್ದಿರಬೇಕು! ಭದ್ರೆಯಂಥ ಹೊಳೆಗೆ ಕಟ್ಟೆ ಕಟ್ಟಲು ಹದಿನೆಂಟು ವರ್ಷ ಸಾಕಾಯಿತು; ಸೂರಿನಡಿಯ ಲೋಟಗಳು ಒಳಗೆ ಬರಲು ಅಷ್ಟು ಸಾಲಲಿಲ್ಲ.

ಹೊಸ ಹೋಟೆಲು ತೆರೆದಾಗ ನಾವು ಮೊದಲು ಕೇಳುವುದು ರುಚಿ ಹೇಗಿದೆ ಎಂದು. ತಪ್ಪೇನಿಲ್ಲ. ಅದರ ಜೊತೆಗೆ ಒಳಗೆ ಯಾರು ಕುಳಿತಿದ್ದಾರೆ, ಹೊರಗೆ ಯಾರು ನಿಂತಿದ್ದಾರೆ ಎಂದೂ ಕೇಳುವುದೊಳ್ಳೆಯದು. ಜಾತಿ ತಡೆದರೂ ದರ ತಡೆದರೂ ಹೊರಗೆ ನಿಂತವನ ಹಸಿವು ಒಂದೇ.