‘ಇಷ್ಟಕ್ಕೆಲ್ಲಾ ಬಂದ್ರಾ?’: ಕ್ಯಾಶುವಾಲ್ಟಿ ಬಾಗಿಲಿನ ಇನ್ನೂರು ವರ್ಷದ ಕಥೆ

ಇವತ್ತಿನ ಮಾತು ನಗುವಿನಿಂದ ಶುರುವಾಗುತ್ತೆ, ಆಮೇಲೆ ಸ್ವಲ್ಪ ಗಂಭೀರವಾಗುತ್ತೆ.

ಬ್ರಿಟನ್ನಿನ ವಾಣಿಜ್ಯ ಮತ್ತು ಕೈಗಾರಿಕಾ ಇಲಾಖೆ ಹಿಂದೆ ಒಂದು ಲೆಕ್ಕ ಇಡುತ್ತಿತ್ತು. ಮನೆಯಲ್ಲಿ ಪೆಟ್ಟು ಮಾಡಿಕೊಂಡು ಆಸ್ಪತ್ರೆಯ ತುರ್ತು ವಿಭಾಗಕ್ಕೆ ಓಡಿಬಂದವರು ಎಷ್ಟು ಜನ, ಯಾವ ವಸ್ತುವಿನಿಂದ ಪೆಟ್ಟಾಯಿತು ಅನ್ನುವ ಲೆಕ್ಕ. 1999ರಲ್ಲಿ ಪ್ಯಾಂಟಿನಿಂದಾಗಿ ಪೆಟ್ಟು ಮಾಡಿಕೊಂಡವರು 5,945 ಜನ! ಟೀ ಕೋಜಿ ಅಂತ ಇರುತ್ತಲ್ಲ, ಚಹಾ ಆರಬಾರದು ಅಂತ ಟೀಪಾಟ್‌ಗೆ ತೊಡಿಸುವ ಬಟ್ಟೆಯ ಟೋಪಿ, ಅದರಿಂದ ಪೆಟ್ಟಾದವರು 37. ಪತ್ರಿಕೆಗಳಿಗೆ ಹಬ್ಬ. ಟೀ ಕೋಜಿ ಹೇಗೆ ಮನುಷ್ಯನ ಮೇಲೆ ದಾಳಿ ಮಾಡುತ್ತೆ ಅಂತ ಎಲ್ಲರೂ ನಕ್ಕರು.

ಅಮೆರಿಕದ ಕಥೆ ಇನ್ನೂ ಮಜಾ. ಅಲ್ಲಿ 2015ರ ಅಕ್ಟೋಬರ್ 1ರಿಂದ ಆಸ್ಪತ್ರೆಗಳು ಹೊಸ ಸಂಕೇತಪಟ್ಟಿ ಬಳಸಬೇಕಾಯಿತು. ಅದರಲ್ಲಿ ಕೋಳಿ ಕುಕ್ಕಿದ್ದಕ್ಕೆ ಒಂದು ಸಂಕೇತ. ದೀಪದ ಕಂಬಕ್ಕೆ ಹೋಗಿ ಡಿಕ್ಕಿ ಹೊಡೆದಿದ್ದಕ್ಕೆ ಒಂದು. ನೀರಿನ ಮೇಲೆ ಸ್ಕೀ ಮಾಡುವಾಗ ಆ ಸ್ಕೀಗೇ ಬೆಂಕಿ ಹತ್ತಿ ಸುಟ್ಟುಕೊಂಡಿದ್ದಕ್ಕೂ ಒಂದು! ಸಂಕೇತ ಇದೆ ಅಂದ ಮಾತ್ರಕ್ಕೆ ಅಂಥ ರೋಗಿಗಳು ಸಾಲುಗಟ್ಟಿ ಬಂದರು ಅಂತೇನಲ್ಲ. ಸಾಧ್ಯವಿರುವ ಎಲ್ಲಾ ಅಪಘಾತಗಳನ್ನೂ ಒಂದು ಚೌಕಟ್ಟಿನಲ್ಲಿ ಜೋಡಿಸಿದಾಗ ಇಂಥವೂ ಹುಟ್ಟಿಕೊಳ್ಳುತ್ತವೆ.

ಇನ್ನೊಂದು ಸಲ ಆ ಪ್ಯಾಂಟಿನ ಲೆಕ್ಕ ನೋಡಿ. ಎಪ್ಪತ್ತೈದು ದಾಟಿದ ಅಜ್ಜ ಒಂಟಿ ಕಾಲಲ್ಲಿ ನಿಂತು ಪ್ಯಾಂಟ್ ಹಾಕಿಕೊಳ್ಳುವಾಗ ಆಯತಪ್ಪಿ ಬಿದ್ದರು ಅಂದುಕೊಳ್ಳಿ. ಪಟ್ಟಿಯಲ್ಲಿ ಬರುವುದು ‘ಪ್ಯಾಂಟ್’. ಮುರಿದಿರಬಹುದಾದದ್ದು ಸೊಂಟದ ಮೂಳೆ. ಕಾರಣ ಚಿಲ್ಲರೆ ಇರಬಹುದು, ಪರಿಣಾಮ ಚಿಲ್ಲರೆ ಆಗಿರಬೇಕಾಗಿಲ್ಲ. ಹಾಗಾದರೆ ಒಬ್ಬ ರೋಗಿ ‘ಸಣ್ಣ ವಿಷಯಕ್ಕೆ’ ಬಂದಿದ್ದಾನೆ ಅಂತ ತೀರ್ಮಾನ ಮಾಡುವವರು ಯಾರು? ಈ ದೂರು ಶುರುವಾದದ್ದು ಯಾವಾಗ? ಅದಕ್ಕೆ ಹತ್ತೊಂಬತ್ತನೇ ಶತಮಾನದ ಲಂಡನ್ನಿಗೆ ಹೋಗಬೇಕು.

ಚೀಟಿ ಇಲ್ಲದವರ ಬಾಗಿಲು

ಆಗ ಲಂಡನ್ನಿನ ಬಹಳಷ್ಟು ಆಸ್ಪತ್ರೆಗಳು ನಡೆಯುತ್ತಿದ್ದುದು ದಾನಿಗಳ ದುಡ್ಡಿನಿಂದ. ವರ್ಷವರ್ಷ ಚಂದಾ ಕೊಡುವ ಶ್ರೀಮಂತರಿಗೆ ಒಂದು ಹಕ್ಕು ಸಿಗುತ್ತಿತ್ತು: ‘ಇವನು ಯೋಗ್ಯ ಬಡವ, ಚಿಕಿತ್ಸೆ ಕೊಡಿ’ ಅಂತ ಶಿಫಾರಸು ಚೀಟಿ ಬರೆದುಕೊಡುವ ಹಕ್ಕು. ಚೀಟಿ ಇಲ್ಲದೆ ಹೋದರೆ ಬಾಗಿಲು ಮುಚ್ಚಿತು ಅಂತಲೇ ಲೆಕ್ಕ. ಖಾಯಿಲೆ ಬಿದ್ದ ಮನುಷ್ಯ ಮೊದಲು ವೈದ್ಯರನ್ನಲ್ಲ, ಚಂದಾದಾರರನ್ನು ಹುಡುಕಿಕೊಂಡು ಹೋಗಬೇಕು! ವಿಲಿಯಂ ಮಾರ್ಸ್‌ಡನ್ ಅನ್ನುವ ಶಸ್ತ್ರವೈದ್ಯ ಚರ್ಚಿನ ಮೆಟ್ಟಿಲ ಮೇಲೆ ಸಾಯುತ್ತಾ ಬಿದ್ದಿದ್ದ ಹುಡುಗಿಯೊಬ್ಬಳನ್ನು ಕಂಡ. ಅವಳನ್ನು ಸೇರಿಸಿಕೊಳ್ಳುವ ಆಸ್ಪತ್ರೆ ಸಿಗಲಿಲ್ಲ. ಆ ನೋವಿನಲ್ಲೇ 1828ರಲ್ಲಿ ಅವನು ಯಾವ ಚೀಟಿಯೂ ಬೇಡದ ಆಸ್ಪತ್ರೆ ತೆರೆದ. ಅದೇ ಮುಂದೆ ರಾಯಲ್ ಫ್ರೀ ಆಸ್ಪತ್ರೆ ಆಯಿತು.

ಚೀಟಿಯ ನಿಯಮಕ್ಕೆ ಒಂದು ವಿನಾಯಿತಿ ಇತ್ತು. ಅಪಘಾತ. ಗಾಡಿಯ ಚಕ್ರಕ್ಕೆ ಸಿಕ್ಕವನ ಹತ್ತಿರ ಚೀಟಿ ಕೇಳೋಕಾಗುತ್ತಾ? ಹೀಗೆ ಆಕಸ್ಮಿಕವಾಗಿ ಬರುವವರನ್ನು ನೋಡುವ ಜಾಗಕ್ಕೇ ‘ಕ್ಯಾಶುವಾಲ್ಟಿ’ ಅಂತ ಹೆಸರು. ಆ ಪದದ ಮೂಲ ಅರ್ಥವೇ ಆಕಸ್ಮಿಕ. ಯಾರ ಶಿಫಾರಸೂ ಇಲ್ಲದೆ ಬಡವರಿಗೆ ತೆರೆದಿದ್ದ ಬಾಗಿಲು ಅದು. ಜನ ಏನು ಮಾಡಿದರು? ನಾವು ನೀವು ಮಾಡುವುದನ್ನೇ. ಕೆಮ್ಮು, ಹಲ್ಲುನೋವು, ಆರದ ಹುಣ್ಣು, ಸುಸ್ತು, ಎಲ್ಲವನ್ನೂ ಹೊತ್ತುಕೊಂಡು ಆ ಬಾಗಿಲಿಗೇ ಬಂದರು.

ಒಬ್ಬ ರೋಗಿಗೆ 1.28 ನಿಮಿಷ

1869ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆ ಲಂಡನ್ ಆಸ್ಪತ್ರೆಗಳ ಹೊರರೋಗಿ ವಿಭಾಗಗಳನ್ನು ತನಿಖೆ ಮಾಡಿತು. ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯಲ್ಲಿ ಅವರು ಕಂಡದ್ದು: ಒಂದು ಗಂಟೆ ಹತ್ತು ನಿಮಿಷದಲ್ಲಿ 120 ರೋಗಿಗಳನ್ನು ನೋಡಿ ಕಳುಹಿಸಿದರು. ತಲೆಗೆ 35 ಸೆಕೆಂಡು! ನಮ್ಮ ಸರ್ಕಾರಿ ಆಸ್ಪತ್ರೆಯ ಓಪಿಡಿಯಲ್ಲಿ ನಿಂತವರಿಗೆ ಇದು ಅಚ್ಚರಿ ಅನಿಸಲಿಕ್ಕಿಲ್ಲ.

ಅದೇ ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ರಾಬರ್ಟ್ ಬ್ರಿಡ್ಜಸ್ ಅನ್ನುವ ಯುವ ವೈದ್ಯ ಕೆಲಸ ಮಾಡುತ್ತಿದ್ದ. 1878ರಲ್ಲಿ ಅವನು ಆ ವಿಭಾಗದ ಬಗ್ಗೆ ಒಂದು ವರದಿ ಬರೆದ. ಒಂದು ವರ್ಷದಲ್ಲಿ ತಾನು ನೋಡಿದ ರೋಗಿಗಳು 30,940, ಒಬ್ಬೊಬ್ಬರಿಗೆ ಸಿಕ್ಕ ಸರಾಸರಿ ಸಮಯ 1.28 ನಿಮಿಷ ಅಂತ ಲೆಕ್ಕ ಹಾಕಿ ತೋರಿಸಿದ. ಇಷ್ಟರಲ್ಲಿ ಯಾರದ್ದು ಸಣ್ಣ ನೋವು, ಯಾರದ್ದು ಸಾವಿನ ಸೂಚನೆ ಅಂತ ಬೇರ್ಪಡಿಸುವುದು ಹೇಗೆ ಅನ್ನುವುದೇ ಅವನ ವರದಿಯ ಹಿಂದಿದ್ದ ಪ್ರಶ್ನೆ. ಈ ಬ್ರಿಡ್ಜಸ್ ಮುಂದೆ ವೈದ್ಯವೃತ್ತಿ ಬಿಟ್ಟ, 1913ರಲ್ಲಿ ಇಂಗ್ಲೆಂಡಿನ ಆಸ್ಥಾನಕವಿಯಾದ. ಕವಿತೆಯಲ್ಲಾದರೂ ಒಂದು ಸಾಲಿಗೆ ಎರಡು ನಿಮಿಷ ಸಿಕ್ಕಿತೇನೋ!

ತಡೆಯಲು ಬಂದವರು ಕಂಡದ್ದು

ನೂಕುನುಗ್ಗಲಿಗೆ ಆಸ್ಪತ್ರೆಗಳು ಕೊಟ್ಟ ಕಾರಣ ಬೇರೆ: ಜನ ಪುಕ್ಕಟೆ ಸೇವೆಯ ದುರುಪಯೋಗ ಮಾಡ್ತಿದ್ದಾರೆ, ದುಡ್ಡಿದ್ದವರೂ ಬಡವರ ಸಾಲಿನಲ್ಲಿ ನಿಲ್ತಾರೆ, ಸಣ್ಣಪುಟ್ಟದ್ದಕ್ಕೆಲ್ಲಾ ಬರ್ತಾರೆ. ಇದಕ್ಕೆ ಪರಿಹಾರ ಅಂತ 1895ರಲ್ಲಿ ಮೇರಿ ಸ್ಟೂವರ್ಟ್ ಅನ್ನುವ ಮಹಿಳೆಯನ್ನು ಆಸ್ಪತ್ರೆಯಲ್ಲಿ ಕೂರಿಸಿದರು. ಹೆಸರು ‘ಲೇಡಿ ಆಲ್ಮನರ್’. ಯಾರು ಯೋಗ್ಯರು, ಯಾರು ಅಲ್ಲ ಅಂತ ವಿಚಾರಿಸುವುದು ಕೆಲಸ. ಯಾವ ಆಸ್ಪತ್ರೆಯಲ್ಲಿ ಗೊತ್ತಾ? ಚೀಟಿಯೇ ಬೇಡ ಅಂತ ಹುಟ್ಟಿದ ಅದೇ ರಾಯಲ್ ಫ್ರೀಯಲ್ಲಿ!

ಜರಡಿ ಹಿಡಿಯಲು ಬಂದ ಈ ಹುದ್ದೆ ಬರಬರುತ್ತಾ ಬದಲಾಯಿತು. ರೋಗಿಗಳ ಜೊತೆ ಕೂತು ಮಾತಾಡಿದಾಗ ಗೊತ್ತಾದದ್ದು, ಹಲವರಿಗೆ ಬೇಕಾಗಿರುವುದು ಔಷಧಿಯ ಬಾಟಲಿ ಅಲ್ಲ, ಹೊಟ್ಟೆತುಂಬ ಊಟ, ಬೆಚ್ಚಗಿನ ಕೋಣೆ, ನಾಲ್ಕು ದಿನದ ವಿಶ್ರಾಂತಿ. ತಡೆಯುವ ಕೆಲಸ ನಿಧಾನಕ್ಕೆ ಜೊತೆಗೆ ನಿಲ್ಲುವ ಕೆಲಸವಾಯಿತು. ಇಂದಿನ ವೈದ್ಯಕೀಯ ಸಮಾಜ ಕಾರ್ಯಕರ್ತರ ಮೂಲ ಇದು. ನಮ್ಮ ದೇಶದಲ್ಲಿ ಅಂಥ ಮೊದಲ ನೇಮಕ ಆದದ್ದು 1946ರಲ್ಲಿ, ಬೊಂಬಾಯಿಯ ಜೆ.ಜೆ. ಆಸ್ಪತ್ರೆಯಲ್ಲಿ. ಮುಂಬಯಿಯ ದೊಡ್ಡ ಆಸ್ಪತ್ರೆಯಲ್ಲಿ ಕೇಸ್ ಪೇಪರ್ ಹಿಡಿದು ಓಡಾಡುವಾಗ ‘ಟ್ರಸ್ಟಿಗೆ ಹೀಗೆ ಅರ್ಜಿ ಹಾಕಿ’ ಅಂತ ದಾರಿ ತೋರಿಸುವವರು ಸಿಕ್ಕಿದ್ದರೆ, ಅವರು ಈ ಪರಂಪರೆಯವರೇ.

ಹೆಸರು ಬದಲಾದರೂ ಬೈಗುಳ ಉಳಿಯಿತು

1962ರಲ್ಲಿ ಬ್ರಿಟನ್ನಿನ ಪ್ಲಾಟ್ ಸಮಿತಿ ‘ಕ್ಯಾಶುವಾಲ್ಟಿ’ ಅನ್ನುವ ಹೆಸರೇ ಬೇಡ, ‘ಅಪಘಾತ ಮತ್ತು ತುರ್ತು ವಿಭಾಗ’ ಅಂತ ಕರೆಯಿರಿ ಎಂದಿತು. ಹೆಸರು ಕೇಳಿದರೇ ‘ಸುಮ್ಮನೆ ಹೋಗಿಬರೋಣ’ ಅನ್ನುವವರು ಕಡಿಮೆಯಾಗಲಿ ಅನ್ನುವ ಆಸೆ. ಜನ ಕಡಿಮೆಯಾಗಲಿಲ್ಲ. ಅವರು ಬಿಟ್ಟ ಹಳೇ ಹೆಸರನ್ನು ನಮ್ಮ ಆಸ್ಪತ್ರೆಗಳು ಇವತ್ತಿಗೂ ಬೋರ್ಡಿನ ಮೇಲೆ ಇಟ್ಟುಕೊಂಡಿವೆ.

1979ರಲ್ಲಿ ರೋಜರ್ ಜೆಫ್ರಿ ಅನ್ನುವ ಸಮಾಜಶಾಸ್ತ್ರಜ್ಞ ಇಂಗ್ಲೆಂಡಿನ ಕ್ಯಾಶುವಾಲ್ಟಿಗಳ ಬಗ್ಗೆ ಒಂದು ಲೇಖನ ಪ್ರಕಟಿಸಿದ. ಭಾರತದ ಆರೋಗ್ಯ ವ್ಯವಸ್ಥೆಯ ಬಗ್ಗೆಯೂ ಪುಸ್ತಕ ಬರೆದ ವಿದ್ವಾಂಸ ಅವನು. ಅವನು ಗಮನಿಸಿದ್ದು: ಸಿಬ್ಬಂದಿಯ ಮಾತಿನಲ್ಲಿ ರೋಗಿಗಳು ಎರಡು ಜಾತಿ. ತಮ್ಮ ವಿದ್ಯೆಗೆ ಕೆಲಸ ಕೊಡುವವರು ‘ಒಳ್ಳೆಯ’ ರೋಗಿಗಳು. ಉಳಿದವರು ‘ಕಸ’. ಕುಡಿದು ಬಂದವರು, ಮಾತ್ರೆ ನುಂಗಿ ಬಂದವರು, ಮನೆಮಠ ಇಲ್ಲದವರು, ಜೊತೆಗೆ ‘ಕ್ಷುಲ್ಲಕ’ ಕಾರಣಕ್ಕೆ ಬಂದವರು. ವೈದ್ಯರನ್ನು ಬೈಯೋದು ನನ್ನ ಉದ್ದೇಶ ಅಲ್ಲ. ರಾತ್ರಿಯಿಡೀ ನಿಂತೇ ಕೆಲಸ ಮಾಡುವವರಿಗೆ ಸಿಟ್ಟು ಬರುತ್ತೆ. ಆದರೆ ಆ ಸಿಟ್ಟಿನಲ್ಲಿ ಮಾಡಿದ ವಿಂಗಡಣೆ ಸರಿಯಾಗಿರುತ್ತಾ?

ಇದಕ್ಕೆ ಒಂದು ಗಟ್ಟಿ ಉತ್ತರ 2013ರಲ್ಲಿ ಸಿಕ್ಕಿತು. ಅಮೆರಿಕದ ತುರ್ತು ವಿಭಾಗಗಳ ದಾಖಲೆ ಹಿಡಿದು ನಡೆಸಿದ ಅಧ್ಯಯನ ಅಲ್ಲಿನ ವೈದ್ಯ ಸಂಘದ ಪತ್ರಿಕೆಯಲ್ಲಿ ಬಂತು. ಎಲ್ಲಾ ಪರೀಕ್ಷೆ ಮುಗಿದ ಮೇಲೆ ‘ಇದನ್ನು ಮಾಮೂಲಿ ಡಾಕ್ಟರೇ ನೋಡಬಹುದಿತ್ತು’ ಅನ್ನುವಂಥ ಭೇಟಿಗಳು ಬರೀ 6.3%. ಮುಖ್ಯ ಮಾತು ಮುಂದಿದೆ. ಆ 6.3% ಜನ ಬಾಗಿಲಲ್ಲಿ ಹೇಳಿಕೊಂಡ ತೊಂದರೆಗಳು ಯಾವುವೋ, ಒಟ್ಟು ಭೇಟಿಗಳ 88.7%ರಲ್ಲೂ ಜನ ಹೇಳಿಕೊಂಡದ್ದು ಅವೇ ತೊಂದರೆಗಳು. ಅವೇ ಮಾತು ಹೇಳಿ ಬಂದವರಲ್ಲಿ 12.5% ಜನರನ್ನು ಆಸ್ಪತ್ರೆಗೆ ಅಡ್ಮಿಟ್ ಮಾಡಬೇಕಾಯಿತು. ಅಂದರೆ, ‘ಎದೆಯಲ್ಲಿ ಏನೋ ಒತ್ತಿದ ಹಾಗಾಗ್ತಿದೆ’ ಅಂತ ಇಬ್ಬರು ಬಂದರೆ ಒಬ್ಬರಿಗೆ ಅಜೀರ್ಣ, ಇನ್ನೊಬ್ಬರಿಗೆ ಹೃದಯಾಘಾತ ಇರಬಹುದು. ಮಾತು ಒಂದೇ. ‘ಸಣ್ಣದು’ ಅನ್ನುವುದು ಪರೀಕ್ಷೆಯ ನಂತರ ಸಿಗುವ ಉತ್ತರ. ಅದನ್ನು ರೋಗಿ ಮನೆಯಲ್ಲೇ ಕಂಡುಕೊಂಡು ಬರಬೇಕಿತ್ತು ಅನ್ನೋದು ನ್ಯಾಯ ಅಲ್ಲ.

ನಮ್ಮ ಕಡೆಯ ಬಾಗಿಲು

ನಮ್ಮ ದೇಶದಲ್ಲಿ ಈ ಬಾಗಿಲಿನ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು, ಆದರೆ ತಿರುಗುಮುರುಗಾಗಿ. ಸ್ಕೂಟರಿನಲ್ಲಿ ಹೋಗುತ್ತಿದ್ದವನಿಗೆ ಕಾರು ಗುದ್ದಿತು. ಹತ್ತಿರದ ಆಸ್ಪತ್ರೆಗೆ ಕರೆದೊಯ್ದರೆ, ಪೊಲೀಸ್ ಕೇಸುಗಳನ್ನು ನೋಡಲು ಅನುಮತಿ ಇರುವ ಇನ್ನೊಂದು ಆಸ್ಪತ್ರೆಗೆ ಹೋಗಿ ಅಂದರು. ಅದು ಸುಮಾರು 20 ಕಿಲೋಮೀಟರ್ ದೂರ. ದಾರಿಯಲ್ಲೇ ಪ್ರಾಣ ಹೋಯಿತು. ಇದರ ಮೇಲೆ ಬಂದದ್ದು 1989ರ ಪರಮಾನಂದ ಕಟಾರಾ ತೀರ್ಪು: ಜೀವ ಉಳಿಸುವುದು ಮೊದಲು, ಕಾಗದಪತ್ರ ಆಮೇಲೆ, ಸರ್ಕಾರಿ ಇರಲಿ ಖಾಸಗಿ ಇರಲಿ. 1992ರಲ್ಲಿ ರೈಲಿನಿಂದ ಬಿದ್ದ ಬಂಗಾಳದ ಕೂಲಿಕಾರನೊಬ್ಬನನ್ನು ಒಂದರ ಮೇಲೊಂದು ಸರ್ಕಾರಿ ಆಸ್ಪತ್ರೆಗಳು ವಾಪಸ್ ಕಳುಹಿಸಿದವು. ಆ ಪ್ರಕರಣದಲ್ಲಿ 1996ರಲ್ಲಿ ಕೋರ್ಟ್, ತುರ್ತು ಚಿಕಿತ್ಸೆ ನಿರಾಕರಿಸಿದರೆ ಅದು ಬದುಕುವ ಹಕ್ಕಿನ ಉಲ್ಲಂಘನೆ ಎಂದು ಹೇಳಿ, 25,000 ರೂಪಾಯಿ ಪರಿಹಾರ ಕೊಡಿಸಿತು.

ಈಗ ಮತ್ತೆ ಟೀ ಕೋಜಿಯ ನಗುವನ್ನು ನೆನಪು ಮಾಡಿಕೊಳ್ಳಿ. ನಗೋಣ, ತಪ್ಪೇನಿಲ್ಲ. ಆದರೆ ‘ಇಷ್ಟಕ್ಕೆಲ್ಲಾ ಬಂದ್ರಾ?’ ಅನ್ನುವ ಮಾತನ್ನು ಹತ್ತು ಸಲ ಕೇಳಿದವರು ಹನ್ನೊಂದನೇ ಸಲ ಮನೆಯಲ್ಲೇ ಉಳಿಯುತ್ತಾರೆ. ಪರ ಊರಿನಲ್ಲಿರುವ ನಮ್ಮವರಿಗೆ ಇದು ಇನ್ನೂ ಹತ್ತಿರದ ವಿಷಯ. ಪುಣೆಯಲ್ಲೋ ದಿಲ್ಲಿಯಲ್ಲೋ ಮಗನ ಮನೆಗೆ ಬಂದ ಅಪ್ಪನಿಗೆ ನಡುರಾತ್ರಿ ಎದೆ ಬಿಗಿದರೆ, ಪರಿಚಯದ ಡಾಕ್ಟರಿಲ್ಲ, ಆ ಊರಿನ ಭಾಷೆಯಲ್ಲಿ ನೋವು ಹೇಳಿಕೊಳ್ಳೋಕೆ ಬರಲ್ಲ. ‘ಗ್ಯಾಸ್ ಇರಬೇಕು ಬಿಡೋ, ಬೆಳಗ್ಗೆ ನೋಡಿದ್ರಾಯ್ತು, ಮಗು ಎದ್ದುಬಿಡುತ್ತೆ’ ಅಂತಾರೆ. ಅವರನ್ನು ತಡೆಯುವುದು ನೋವು ಕಡಿಮೆ ಅನ್ನುವ ನಂಬಿಕೆ ಅಷ್ಟೇ ಅಲ್ಲ, ನಗೆಪಾಟಲಾದೇನು ಅನ್ನುವ ಸಂಕೋಚ.

ಅಂಥ ಹೊತ್ತಿನಲ್ಲಿ ಅಪ್ಪನ ಮಾತು ಕೇಳಬೇಡಿ, ಕರೆದುಕೊಂಡು ಹೋಗಿ. ಗ್ಯಾಸೇ ಅಂತ ಗೊತ್ತಾದರೆ ಒಳ್ಳೆಯದೇ ಆಯಿತು, ವಾಪಸ್ ಬಂದು ಮಲಗಿದರಾಯಿತು.