ಒಂದು ಫೈಲ್ ಹಾಳಾದ್ರೆ ಇಡೀ ಕಂಪ್ಯೂಟರ್ ಯಾಕೆ ಅಳಿಸ್ಬೇಕು? | ಹಳೇ ಕಂಪ್ಯೂಟರ್ ಕಥೆಗಳು, ಭಾಗ 6

ಕಪ್ಪು ಸ್ಕ್ರೀನ್. ಅದರ ಮೇಲೆ ಬಿಳಿ ಅಕ್ಷರದಲ್ಲಿ ‘ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್’. ಮನೇಲಿ ವಿಂಡೋಸ್ ಎಕ್ಸ್‌ಪಿ ಇದ್ದವರನ್ನ ಕೇಳಿ, ಈ ಸಾಲು ಇನ್ನೂ ನೆನಪಿರುತ್ತೆ.

ನನ್ನ ಮಾವನ ಅಂಗಡಿ ಕಂಪ್ಯೂಟರ್‌ಗೂ ಇದೇ ಆಯ್ತು. ರಿಪೇರಿಗೆ ಬಂದವರು “ಫಾರ್ಮ್ಯಾಟ್ ಹೊಡೀಬೇಕು” ಅಂದ್ರು, ಹೊಡೆದ್ರು. ಡೆಸ್ಕ್‌ಟಾಪ್ ಮೇಲಿದ್ದ ಅಜ್ಜಿಯ ಫೋಟೋಗಳೂ ಹೋದ್ವು. ಡೆಸ್ಕ್‌ಟಾಪ್ ಇರೋದು ಸಿ ಡ್ರೈವ್‌ನಲ್ಲೇ ಅಂತ ಯಾರಿಗೂ ಹೊಳೀಲಿಲ್ಲ.

ಎನ್‌ಟಿಎಲ್‌ಡಿಆರ್ ಅಂದ್ರೆ ವಿಂಡೋಸನ್ನ ಶುರು ಮಾಡಿಸೋ ಒಂದು ಪುಟ್ಟ ಫೈಲ್. 300 ಕೆಬಿ ಕೂಡ ಇಲ್ಲ. ಅದು ಎಕ್ಸ್‌ಪಿ ಸಿಡಿಯ ಐ386 ಫೋಲ್ಡರ್‌ನಲ್ಲೇ ಇರ್ತಿತ್ತು!

ಸ್ವಲ್ಪ ಹಿಂದೆ ಹೋಗೋಣ. 90ರ ದಶಕದ ವಿಂಡೋಸ್‌ನಲ್ಲಿ ಹಲವು ಪ್ರೋಗ್ರಾಂಗಳು ಒಂದೇ ಡಿಎಲ್‌ಎಲ್ ಫೈಲ್ ಹಂಚಿಕೊಳ್ತಿದ್ವು, ಪಿಜಿಯಲ್ಲಿ ಎಲ್ಲರಿಗೂ ಒಂದೇ ಕುಕ್ಕರ್ ಇದ್ದ ಹಾಗೆ. ಹೊಸದಾಗಿ ಬಂದ ಸಾಫ್ಟ್‌ವೇರ್ ತನ್ನ ಹಳೇ ಕುಕ್ಕರ್ ತಂದು ಅಲ್ಲಿ ಇಟ್ರೆ? ಉಳಿದವರ ಅಡುಗೆ ಬಂದ್. ಇದಕ್ಕೆ ‘ಡಿಎಲ್‌ಎಲ್ ಹೆಲ್’ ಅಂತಾನೇ ಹೆಸರು ಬಿತ್ತು.

1998: ವಿಂಡೋಸ್ 98ರಲ್ಲಿ ಸಿಸ್ಟಮ್ ಫೈಲ್ ಚೆಕರ್ ಬಂತು. ಫೈಲ್‌ಗಳನ್ನ ಪರೀಕ್ಷೆ ಮಾಡಿ, ಬದಲಾಗಿದ್ರೆ ನಿಮ್ಮನ್ನ ಕೇಳ್ತಿತ್ತು. ಬೇಕಾದ ಒಂದೇ ಒಂದು ಫೈಲನ್ನ ಸಿಡಿಯಿಂದ ಹೊರತೆಗೆಯೋ ಆಯ್ಕೆಯೂ ಇತ್ತು. ಆದ್ರೆ ನೀವಾಗೇ ಓಡಿಸಿದ್ರೆ ಮಾತ್ರ ಕೆಲಸ.

2000: ವಿಂಡೋಸ್ 2000 ಕಾವಲುಗಾರನನ್ನೇ ಇಟ್ಟಿತು. ಮುಖ್ಯ ಫೈಲ್‌ಗಳ ಪ್ರತಿ ‘ಡಿಎಲ್‌ಎಲ್‌ಕ್ಯಾಶ್’ ಅನ್ನೋ ಫೋಲ್ಡರ್‌ನಲ್ಲಿ ಇರ್ತಿತ್ತು. ಯಾರಾದ್ರೂ ಫೈಲ್ ಬದಲಾಯಿಸಿದ್ರೆ, ಹಿಂದಿನಿಂದ ಸದ್ದಿಲ್ಲದೆ ಅಸಲಿ ಪ್ರತಿ ವಾಪಸ್. ಅಲ್ಲಿ ಪ್ರತಿ ಇಲ್ಲಾಂದ್ರೆ ‘ಸಿಡಿ ಹಾಕಿ’ ಅಂತಿತ್ತು.

2001: ಎಕ್ಸ್‌ಪಿ. ವಿಂಡೋಸ್ ಶುರುವಾಗದೇ ಇದ್ರೂ ದಾರಿ ಇತ್ತು. ಸಿಡಿಯಿಂದ ಬೂಟ್ ಮಾಡಿ ‘ಆರ್’ ಒತ್ತಿದ್ರೆ ರಿಕವರಿ ಕನ್ಸೋಲ್. ಅಲ್ಲಿ ‘ಕಾಪಿ’ ಕಮಾಂಡ್ ಕೊಟ್ಟು ಎನ್‌ಟಿಎಲ್‌ಡಿಆರ್ ಅನ್ನು ಸಿ ಡ್ರೈವ್‌ಗೆ ತರಬಹುದಿತ್ತು. ಸಿಡಿಯಲ್ಲಿ ಹಲವು ಫೈಲ್‌ಗಳ ಹೆಸರಿನ ಕೊನೇ ಅಕ್ಷರದ ಜಾಗದಲ್ಲಿ ಅಂಡರ್‌ಸ್ಕೋರ್ ಇರ್ತಿತ್ತು. ಅಂದ್ರೆ ಅವು ಒತ್ತಿ ಚಿಕ್ಕದು ಮಾಡಿದ ಫೈಲ್‌ಗಳು. ಅವಕ್ಕೆ ‘ಎಕ್ಸ್‌ಪ್ಯಾಂಡ್’ ಕಮಾಂಡ್.

2007: ವಿಸ್ತಾ ಇನ್ನೂ ಬಿಗಿ ಮಾಡ್ತು. ಸಿಸ್ಟಮ್ ಫೈಲ್ ಮುಟ್ಟೋ ಹಕ್ಕು ‘ಟ್ರಸ್ಟೆಡ್ ಇನ್‌ಸ್ಟಾಲರ್’ಗೆ ಮಾತ್ರ. ಎಸ್‌ಎಫ್‌ಸಿ ಕಮಾಂಡ್‌ನಿಂದ ಒಂದೇ ಫೈಲ್ ಪರೀಕ್ಷಿಸಿ ಸರಿ ಮಾಡೋ ಸೌಲಭ್ಯವೂ ಬಂತು.

ಬಿಕಾಂ ಗೆಳೆಯರೇ, ಇದು ನಮಗೆ ಗೊತ್ತಿರೋ ಪಾಠಾನೇ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗಲಿಲ್ಲ ಅಂತ ಲೆಡ್ಜರ್ ಸುಡ್ತೀವಾ? ತಪ್ಪಾದ ಎಂಟ್ರಿ ಹುಡುಕಿ ತಿದ್ದುತ್ತೀವಿ ಅಷ್ಟೇ. ಆದ್ರೆ ಅಂಗಡಿಯವರಿಗೆ ತಪ್ಪು ಹುಡುಕೋಕೆ ತಾಳ್ಮೆ ಬೇಕು, ಅಸಲಿ ಸಿಡಿ ಬೇಕು. ಫಾರ್ಮ್ಯಾಟ್‌ಗೆ ಎರಡೂ ಬೇಡ, ಕೆಲಸ ಖಾತ್ರಿ. ಅವರನ್ನ ಪೂರ್ತಿ ಬೈಯೋಕೂ ಆಗಲ್ಲ. ಡಿಸ್ಕೇ ಹಾಳಾಗಿದ್ರೆ ಒಂದು ಫೈಲ್ ಕಾಪಿ ಮಾಡಿ ಪ್ರಯೋಜನ ಇಲ್ಲ, ಅದೂ ನಿಜ.

ಆದ್ರೆ ಮುಂದಿನ ಸಲ ಯಾರಾದ್ರೂ “ಫಾರ್ಮ್ಯಾಟ್” ಅಂದ್ರೆ, ಒಪ್ಪೋ ಮೊದಲು ಎರಡು ಪ್ರಶ್ನೆ ಕೇಳಿ: ಹಾಳಾಗಿರೋ ಫೈಲ್ ಯಾವುದು? ನನ್ನ ಡೇಟಾ ಮೊದಲು ತೆಗೆದಿಡ್ತೀರಾ?

ಮಾವ ಆವತ್ತು ಇವೆರಡು ಕೇಳಿದ್ದಿದ್ರೆ ಅಜ್ಜಿ ಫೋಟೋ ಉಳೀತಿತ್ತು.

ನಿಮ್ಮ ಮನೇಲಿ ಫಾರ್ಮ್ಯಾಟ್‌ಗೆ ಏನು ಹೋಯ್ತು? ಕಾಮೆಂಟಲ್ಲಿ ಹೇಳಿ 👇

#ಹಳೇಕಂಪ್ಯೂಟರ್ #ವಿಂಡೋಸ್‌ಎಕ್ಸ್‌ಪಿ #ಕನ್ನಡದಲ್ಲಿಟೆಕ್