ಸುಂಕದ ಕಟ್ಟೆಯೂ ಹಡಗಿನ ಸರಕಿನ ಪೂರ್ವನಿವೇದನೆಯೂ

ಹಡಗು ಪರದೇಶದ ರೇವನ್ನು ಮುಟ್ಟುವುದಕ್ಕೆ ಮುಂಚೆಯೇ ಅದರಲ್ಲಿರುವ ಸರಕು ಯಾವುದು, ಎಷ್ಟು, ಯಾರದು ಎಂಬುದನ್ನು ಅಲ್ಲಿಯ ಸುಂಕದ ಅಧಿಕಾರಿಗಳಿಗೆ ಅರಿಕೆ ಮಾಡತಕ್ಕದ್ದೆಂಬ ವಿಧಿಯು ಈಗ ಅನೇಕ ರಾಷ್ಟ್ರಗಳಲ್ಲಿ ಜಾರಿಯಲ್ಲಿದೆ. ಕಂಟೇನರುಗಳನ್ನು ಹೊರದೇಶದ ರೇವಿನಲ್ಲಿ ಹಡಗಿಗೆ ಏರಿಸುವುದಕ್ಕೆ 24 ಗಂಟೆಗಳ ಮೊದಲು ಪಟ್ಟಿಯನ್ನು ಒಪ್ಪಿಸಬೇಕೆಂದು ಅಮೆರಿಕಾ ಸಂಯುಕ್ತ ಸಂಸ್ಥಾನಗಳು 2002ರಲ್ಲಿ ಕಟ್ಟಳೆ ಮಾಡಿದುವು. ಐರೋಪ್ಯ ಒಕ್ಕೂಟವು 2011ರಲ್ಲಿ ಅದೇ ದಾರಿಯನ್ನು ಹಿಡಿಯಿತು. ಭಾರತದ 1962ರ ಕಸ್ಟಮ್ಸ್ ಕಾಯಿದೆಯ 30ನೆಯ ಪ್ರಕರಣವೂ ಹಡಗು ಬರುವ ಮೊದಲೇ ಸರಕಿನ ಪಟ್ಟಿಯನ್ನು ಸಲ್ಲಿಸಲು ವಿಧಿಸುತ್ತದೆ. ಇದು ಕೇವಲ ಆಧುನಿಕರ ಕಲ್ಪನೆಯೆಂಬುದು ಸಾಮಾನ್ಯವಾದ ನಂಬಿಕೆ. ಆದರೆ ಸರಕನ್ನು ಕಾಣುವುದಕ್ಕೆ ಮೊದಲೇ ಅದನ್ನು ತಿಳಿದಿರಬೇಕೆಂಬ ರಾಜ್ಯಾಧಿಕಾರದ ಆಸೆ ಬಹು ಪ್ರಾಚೀನವಾದುದು. ಆ ತಿಳಿವಳಿಕೆ ಯಾರ ಕೈಯಲ್ಲಿದ್ದಿತೆಂಬುದರ ಮೇಲೆ ಕನ್ನಡ ನಾಡಿನ ವಾಣಿಜ್ಯದ ಏಳುಬೀಳು ಬಹುಮಟ್ಟಿಗೆ ನಿಂತಿದ್ದಿತು.

ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದು ಸೇರಿದ ಹಸ್ತಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚು ಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಶುಲ್ಕಾಧ್ಯಕ್ಷ ಪ್ರಕರಣವು ಈ ವಿಷಯಕ್ಕೆ ಮುಖ್ಯವಾದ ಆಧಾರ. ಮಹಾದ್ವಾರದ ಬಳಿ ಶುಲ್ಕಶಾಲೆಯನ್ನೂ ಧ್ವಜವನ್ನೂ ನಿಲ್ಲಿಸಬೇಕು. ನಾಲ್ಕೈದು ಮಂದಿ ಅಧಿಕಾರಿಗಳು ಬಂದ ವರ್ತಕರು ಯಾರು, ಎಲ್ಲಿಂದ ಬಂದರು, ಸರಕೆಷ್ಟು, ಮುದ್ರೆಯನ್ನು ಎಲ್ಲಿ ಹಾಕಿಸಿದರು ಎಂಬುದನ್ನು ಬರೆದುಕೊಳ್ಳಬೇಕು. ಮುದ್ರೆಯಿಲ್ಲದವನಿಗೆ ಇಮ್ಮಡಿ ಸುಂಕ, ಕಳ್ಳಮುದ್ರೆಯವನಿಗೆ ಎಂಟು ಪಟ್ಟು ದಂಡ. ಇಷ್ಟೆಲ್ಲ ಬಾಗಿಲಲ್ಲಿ ನಡೆಯುವ ನಿವೇದನೆಯಾಯಿತು. ಇದಕ್ಕಿಂತ ಗಮನಾರ್ಹವಾದ ಅಂಶಗಳು ಎರಡು. ಗಡಿಯ ಅಂತಪಾಲನು ಪರದೇಶದ ಸಾರ್ಥವನ್ನು ಶೋಧಿಸಿ, ಗುರುತನ್ನೂ ಮುದ್ರೆಯನ್ನೂ ಕೊಟ್ಟು ಶುಲ್ಕಾಧ್ಯಕ್ಷನಲ್ಲಿಗೆ ಕಳುಹಿಸುವನು. ವರ್ತಕನ ವೇಷದ ಗೂಢಚಾರನಾದರೋ ಸಾರ್ಥದ ಪ್ರಮಾಣವನ್ನು ಮುಂದಾಗಿ ಅರಸನಿಗೆ ತಿಳಿಸುವನು. ಅದನ್ನು ಶುಲ್ಕಾಧ್ಯಕ್ಷನು ವರ್ತಕರೆದುರಿಗೆ ಹೇಳಿ, ಮುಚ್ಚಿಡುವುದು ವ್ಯರ್ಥವೆಂದು ಎಚ್ಚರಿಸುವನು. ಪೂರ್ವನಿವೇದನೆಯ ಬೀಜವು ಇಲ್ಲಿ ಸ್ಪಷ್ಟವಾಗಿದೆ. ಭೇದವಿಷ್ಟೇ: ಇಂದು ವರ್ತಕನು ತಾನೇ ಹೇಳಬೇಕು, ಅಂದು ಅವನು ಹೇಳುವ ಮೊದಲೇ ಅರಸನು ತಿಳಿದಿರುತ್ತಿದ್ದನು.

ಆದರೆ ಇದೇ ಗ್ರಂಥದ ನಾವಧ್ಯಕ್ಷ ಪ್ರಕರಣದಲ್ಲಿ ಕಾಠಿಣ್ಯದೊಡನೆ ಕರುಣೆಯೂ ಕಂಡುಬರುತ್ತದೆ. ಗಾಳಿಗೆ ಸಿಕ್ಕಿ ದಾರಿತಪ್ಪಿದ ಹಡಗನ್ನು ತಂದೆಯಂತೆ ಕಾಯಬೇಕು. ನೀರಿನಿಂದ ಕೆಟ್ಟ ಸರಕಿಗೆ ಸುಂಕವನ್ನು ಬಿಡಬೇಕು, ಇಲ್ಲವೆ ಅರ್ಧ ಮಾಡಬೇಕು. ಕಾಕತೀಯ ಗಣಪತಿದೇವನು 1244ರ ಸುಮಾರಿನಲ್ಲಿ ಮೋಟುಪಲ್ಲಿಯ ರೇವಿನಲ್ಲಿ ಹಾಕಿಸಿದ ಅಭಯಶಾಸನವೂ ಈ ಧರ್ಮವನ್ನೇ ಅನುಸರಿಸಿದೆ. ಬಿರುಗಾಳಿಗೆ ಸಿಕ್ಕಿ ದಡಕ್ಕೆ ಬಿದ್ದ ಹಡಗಿನ ಸರಕನ್ನು ಕಸಿದುಕೊಳ್ಳದೆ ಗೊತ್ತಾದ ಸುಂಕವನ್ನು ಮಾತ್ರ ತೆಗೆದುಕೊಳ್ಳುವುದಾಗಿ ಅರಸನು ಅಲ್ಲಿ ಮಾತು ಕೊಟ್ಟಿದ್ದಾನೆ. ವರ್ತಕನು ಸತ್ಯವನ್ನು ನುಡಿಯಬೇಕಾದರೆ ಅರಸನೂ ತನ್ನ ಸುಂಕದ ಮೇರೆಯನ್ನು ಮುಂದಾಗಿ ಸಾರಬೇಕೆಂಬ ತತ್ತ್ವವು ಇದರಿಂದ ಹೊರಡುತ್ತದೆ.

ಕಡಲಿನಿಂದ ದೂರವಾದ ಒಳನಾಡಿನಲ್ಲಿ ಈ ವ್ಯವಸ್ಥೆಯ ರೂಪವೇನು? ತುಂಗಭದ್ರೆಯ ಬಲದಂಡೆಯ ಹಂಪಸಾಗರದ ಸೀಮೆಯನ್ನು ಇದಕ್ಕೆ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಈ ಪ್ರಾಂತವು ಕೋಗಳಿ ಐನೂರೆಂದು ಶಾಸನಗಳಲ್ಲಿ ಪ್ರಸಿದ್ಧವಾದ ನಾಡಿನ ನೆರೆಹೊರೆ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳಲ್ಲಿ ವಡ್ಡರಾವುಳ, ಪೆರ್ಜುಂಕ, ಬಿಲ್ಕೊಡೆ ಎಂಬ ತೆರಿಗೆಗಳೂ, ಸುಂಕದ ಅಧಿಕಾರಿಗಳು ಅವನ್ನು ದೇವರ ದೀಪನೈವೇದ್ಯಗಳಿಗೆ ಬಿಟ್ಟುಕೊಟ್ಟುದೂ ಮೇಲಿಂದ ಮೇಲೆ ಬರುತ್ತವೆ. ಪಿರಿದು ಎಂಬುದರೊಡನೆ ಸುಂಕವು ಸೇರಿ ಪೆರ್ಜುಂಕವಾಯಿತು. ಮುಂದೆ ಅದೇ ಹೆಜ್ಜುಂಕ. ಸುಂಕವು ಶುಲ್ಕದ ತದ್ಭವ. ಸರಕಿನ ಗಣನೆ ಪೇರಿನಿಂದ, ಎಂದರೆ ಎತ್ತಿನ ಮೇಲೆ ಹೇರಿದ ಹೊರೆಯಿಂದ. ಇಷ್ಟು ಹೇರಿಗೆ ಸುಂಕವಿಲ್ಲವೆಂದು ಮಾನ್ಯ ಕೊಟ್ಟಲ್ಲಿ, ಹೇರುಗಳ ಲೆಕ್ಕವನ್ನು ಕಟ್ಟೆಯಲ್ಲಿ ಬರೆದಿಡುತ್ತಿದ್ದಿರಬೇಕೆಂದು ಊಹಿಸುವುದು ಯುಕ್ತ. ಲೆಕ್ಕವಿಲ್ಲದೆ ಮಾನ್ಯಕ್ಕೆ ಅರ್ಥವಿಲ್ಲ.

ವಿಜಯನಗರದ ಕಾಲಕ್ಕೆ ಭಟ್ಕಳದ ರೇವಿನಿಂದ ಸಾವಿರಾರು ಹೇರೆತ್ತುಗಳು ಘಟ್ಟವನ್ನು ಹತ್ತಿ ಬರುತ್ತಿದ್ದುವು. ಹೊರ್ಮುಜಿನ ಕುದುರೆಗಳು ಆಮದು. ಅಕ್ಕಿ, ಸಕ್ಕರೆ, ಕಬ್ಬಿಣ ರಫ್ತು. ಸಾಳುವ ನರಸಿಂಹನು ಕುದುರೆಗಳನ್ನು ಎಷ್ಟು ಬಯಸಿದನೆಂದರೆ, ಕಡಲಲ್ಲಿ ಸತ್ತವುಗಳ ಬಾಲವನ್ನು ತಂದು ತೋರಿಸಿದರೂ ಬದುಕಿದ್ದವುಗಳಂತೆಯೇ ಬೆಲೆ ಕೊಡುತ್ತಿದ್ದನೆಂದು ಪೋರ್ಚುಗೀಸ ನೂನಿಜನು ಬರೆದಿದ್ದಾನೆ. ಇಲ್ಲಿ ಬಾಲವೇ ಸರಕಿನ ಪಟ್ಟಿ. ಅದನ್ನು ನಂಬಿ ನಷ್ಟವನ್ನು ಹೊತ್ತವನು ಅರಸ.

ಪೋರ್ಚುಗೀಸರು ಬಂದ ಬಳಿಕ ಕ್ರಮವು ತಲೆಕೆಳಗಾಯಿತು. ಅವರ ಕಾರ್ತಾಜ್ ಎಂಬ ರಹದಾರಿಯಲ್ಲಿ ಹಡಗಿನ ಹೆಸರು, ನಾಯಕ, ಆಯುಧ, ಸರಕು, ಹೋಗುವ ರೇವು ಇವೆಲ್ಲ ಹೊರಡುವ ಮೊದಲೇ ಬರೆಯಲ್ಪಡಬೇಕಾಗಿದ್ದಿತು. ಅದಿಲ್ಲದ ಹಡಗನ್ನೂ, ಬರೆದುದಕ್ಕೆ ವಿರುದ್ಧವಾದ ಸರಕನ್ನು ಹೊತ್ತುದನ್ನೂ ಹಿಡಿಯುತ್ತಿದ್ದರು. ಅಂತಪಾಲನ ಮುದ್ರೆಗೂ ಇದಕ್ಕೂ ಹೊರನೋಟಕ್ಕೆ ಸಾಮ್ಯವಿದೆ, ತತ್ತ್ವದಲ್ಲಿ ಅಜಗಜಾಂತರ. ಅಂತಪಾಲನು ತನ್ನ ನೆಲಕ್ಕೆ ಬಂದವನನ್ನು ಪ್ರಶ್ನಿಸಿದನು. ಇವರು ಯಾರ ಸೊತ್ತೂ ಅಲ್ಲದ ಕಡಲಿನಲ್ಲಿ, ತಮ್ಮಲ್ಲಿಗೆ ಬಾರದವನನ್ನೂ ಪ್ರಶ್ನಿಸಿದರು.

1547ರ ಸೆಪ್ಟೆಂಬರ್ 19ರಂದು ಸದಾಶಿವರಾಯನಿಗೂ ಗವರ್ನರ್ ಜುವಾಂವ್ ದ ಕಾಸ್ತ್ರೊವಿಗೂ ಆದ ಕೌಲು ಇದರ ಫಲವನ್ನು ತೋರಿಸುತ್ತದೆ. ಗೋವೆಯ ಕುದುರೆಗಳು ವಿಜಯನಗರಕ್ಕಲ್ಲದೆ ಆದಿಲಶಾಹನಿಗೆ ಹೋಗಕೂಡದೆಂಬುದು ರಾಯನಿಗೆ ಬಂದ ಲಾಭ. ಅದಕ್ಕೆ ಪ್ರತಿಯಾಗಿ ತನ್ನ ರಾಜ್ಯದ ವರ್ತಕರು ಕರಾವಳಿಗೆ ಸಾಗಿಸುವ ಸರಕನ್ನು ಪೋರ್ಚುಗೀಸರ ಗುಮಾಸ್ತರಿರುವ ಅಂಕೋಲೆ, ಹೊನ್ನಾವರಗಳಿಗೇ ಕಳುಹಿಸುವಂತೆ ರಾಯನು ಕಟ್ಟು ಮಾಡಬೇಕಾಯಿತು. ಒಳನಾಡಿನ ಹೇರೆತ್ತಿನವನು ಹೊರಡುವಾಗಲೇ ಅವನ ರೇವೂ ಕೊಳ್ಳುವವನೂ ಗೊತ್ತಾಗಿಬಿಟ್ಟರು. 1565ರಲ್ಲಿ ರಾಜಧಾನಿ ಹಾಳಾಗುವುದಕ್ಕೆ 18 ವರ್ಷ ಮೊದಲೇ, ತನ್ನ ಸರಕು ಯಾವ ಬಾಗಿಲಿಂದ ಹೊರಡಬೇಕೆಂಬುದನ್ನು ತಾನೊಬ್ಬನೇ ನಿಶ್ಚಯಿಸುವ ಸ್ವಾತಂತ್ರ್ಯವನ್ನು ರಾಯನು ಕುದುರೆಗಳಿಗಾಗಿ ಕೊಟ್ಟಿದ್ದನು.

ಇದರಿಂದ ಸಿದ್ಧವಾಗುವುದಿಷ್ಟು. ಸರಕಿನ ನಿವೇದನೆ ಮೊದಲು ನಗರದ ಬಾಗಿಲಲ್ಲಿ, ಅನಂತರ ಗಡಿಯಲ್ಲಿ, ಕಡೆಗೆ ಹೊರಡುವ ರೇವಿನಲ್ಲಿಯೇ ಎಂದು ಹಿಂದುಹಿಂದಕ್ಕೆ ಸರಿಯುತ್ತ ಬಂದಿದೆ. ಪಟ್ಟಿಯನ್ನು ಕೇಳುವುದು ಅನ್ಯಾಯವಲ್ಲ. ಕೇಳುವವನು ಅಭಯವನ್ನೂ ಕೊಡುವನೇ ಎಂಬುದೇ ಪ್ರಶ್ನೆ. ಮೋಟುಪಲ್ಲಿಯ ಕಂಬವು ವರ್ತಕನನ್ನು ಕರೆಯಿತು, ಕಾರ್ತಾಜು ಅವನನ್ನು ಕಟ್ಟಿಹಾಕಿತು. ಇಂದಿನ 24 ಗಂಟೆಗಳ ಕಟ್ಟಳೆಯನ್ನು ತೂಗತಕ್ಕವರು ಈ ಎರಡು ತಕ್ಕಡಿಗಳನ್ನೂ ಎದುರಿಗಿಟ್ಟುಕೊಂಡು ತೂಗುವುದು ಉಚಿತ.